ಮರುಹೇಳಿಕೆಯ ಸಭೆ: ‘ಸರಿಯೇ?’ ಎಂಬ ಪ್ರಶ್ನೆಯನ್ನು ಕೈಬಿಟ್ಟ ಮೇಲೆ ಕಂಡದ್ದು

ಹಲವು ಭಾಷೆಗಳ ಸಾರ್ವಜನಿಕ ಸಭೆಯಲ್ಲಿ ಮರುಹೇಳಿಕೆಯ ಕ್ರಮ ನಡೆಯದು ಎಂದು ನನಗೆ ಹೇಳದ ಸಹೋದ್ಯೋಗಿಯೇ ಇಲ್ಲ. ಒಬ್ಬರು ಆಡಿದ್ದನ್ನು ಅವರಿಗೆ ಒಪ್ಪಿಗೆಯಾಗುವಂತೆ ತಿರುಗಿ ಹೇಳಿದ ಮೇಲೆಯೇ ಮುಂದಿನವರು ತಮ್ಮ ಮಾತನ್ನು ಆಡಬೇಕೆಂಬ ಈ ನಿಯಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲೇ ಮುಂದಿಟ್ಟಿದ್ದರು ಎಂಬುದು ಸಭೆ ನಡೆಸಿಕೊಡುವ ಈ ಕಸುಬಿನಲ್ಲಿರುವವರಿಗೆ ಗೊತ್ತಿರುವುದೇ. ಇಬ್ಬರ ನಡುವಿನ ಜಗಳಕ್ಕೆ ಅದು ಸರಿ, ಆದರೆ ಮೂರು ಭಾಷೆ, ಮೂರು ತಲೆಮಾರು ಸೇರಿದ ನಲವತ್ತೈವತ್ತು ಮಂದಿಯ ಸಭೆಯಲ್ಲಿ ಹಿರಿಯರಿಗೆ ಅದು ಪರೀಕ್ಷೆಯಂತೆ ಕಾಣುತ್ತದೆ, ಕಿರಿಯರಿಗೆ ನಾಟಕದಂತೆ ಕಾಣುತ್ತದೆ, ದುಭಾಷಿಗಳ ವೆಚ್ಚವೂ ಇಮ್ಮಡಿಯಾಗುತ್ತದೆ ಎಂಬುದು ಅವರ ವಾದವಾಗಿತ್ತು. ಮೂರನೆಯ ಆಕ್ಷೇಪ ಹೆಚ್ಚುಕಡಿಮೆ ನಿಜ. ಮೊದಲೆರಡು ನಿಜವಲ್ಲವೆಂದು ಈಗ ಧೈರ್ಯವಾಗಿ ಬರೆಯಬಲ್ಲೆ. ಕೆಲವು ವರ್ಷಗಳಿಂದ ನನ್ನ ಸಭೆಗಳೆಲ್ಲ ಈ ಕ್ರಮದಲ್ಲೇ ನಡೆಯುತ್ತಿವೆ, ಅಂದು ಮೂಗು ಮುರಿದವರಲ್ಲೇ ಒಂದಿಬ್ಬರು ನನ್ನ ನಡಾವಳಿಯ ನಮೂನೆಯನ್ನು ಕೇಳಿ ಪಡೆದಿದ್ದಾರೆ.

ಈ ಕ್ರಮಕ್ಕೆ ಬರುವ ಮೊದಲು ನಾನೂ ಎಲ್ಲರಂತೆ ಸರದಿಯ ಮೇಲೆ ಮೈಕು ಕೊಡುವ ಸಭೆಗಳನ್ನೇ ನಡೆಸುತ್ತಿದ್ದೆ. ಮೊದಲ ಹತ್ತು ನಿಮಿಷಗಳಲ್ಲಿ ಯಾವ ಅಭಿಪ್ರಾಯಕ್ಕೆ ಚಪ್ಪಾಳೆ ಬೀಳುತ್ತದೆಯೋ ಅದಕ್ಕೆ ವಿರುದ್ಧವಾದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಬಾಯಿ ಬಿಡದೆ ಮನೆಗೆ ಹೋಗುತ್ತಿದ್ದರು. ಜರ್ಮನಿಯ ಜನಾಭಿಪ್ರಾಯ ಸಂಶೋಧಕಿ ಎಲಿಜಬೆತ್ ನೋಯೆಲ್-ನ್ಯೂಮನ್ 1974ರಲ್ಲಿ ವಿವರಿಸಿದ ಮೌನದ ಸುರುಳಿಯನ್ನು, ಎಂದರೆ ತಮ್ಮದು ಅಲ್ಪಮತವೆಂದು ಅನಿಸಿದವರು ಸುಮ್ಮನಾಗುತ್ತ ಹೋಗುವುದನ್ನು, ನೋಡಲು ಸಮೀಕ್ಷೆಯೇ ಬೇಕಿಲ್ಲ, ಹಿಂದಿನ ಸಾಲಿನಲ್ಲಿ ಕುಳಿತರೆ ಸಾಕು. ಆಮೇಲೆ ಚೀಟಿಯಲ್ಲಿ ಬರೆದುಕೊಡುವ ಪದ್ಧತಿಯನ್ನು ತಂದೆ. ಅದರಿಂದ ಬರವಣಿಗೆ ಸಲೀಸಾದವರಿಗೆ ಮಾತ್ರ ಲಾಭವಾಯಿತು. ಉಳಿದವರು ಪಕ್ಕದವರಿಂದ ಬರೆಸಿದರು, ಪಕ್ಕದವರು ತಮಗೆ ತೋಚಿದಂತೆ ತಿದ್ದಿ ಬರೆದರು.

ಹೆಸರು ಮರೆಮಾಚುವುದೇ ಪರಿಹಾರವೆಂದು ನಂಬಿ ಲಂಡನ್ನಿನ ಚಿಂತನ ಸಂಸ್ಥೆ ಚಾಥಮ್ ಹೌಸ್‌ನ ಹೆಸರಿನಲ್ಲಿ 1927ರಿಂದ ಬಳಕೆಯಲ್ಲಿರುವ ನಿಯಮವನ್ನೂ ಅನುಸರಿಸಿ ನೋಡಿದೆ. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಹೇಳಿದವರು ಯಾರೆಂದು ಮಾತ್ರ ತಿಳಿಸಬಾರದು ಎಂಬ ಆ ನಿಯಮ, ಒಬ್ಬರನ್ನೊಬ್ಬರು ನಿತ್ಯ ನೋಡುವ ಜನರ ನಡುವೆ ನಿಲ್ಲುವುದಿಲ್ಲ. ನನಗೆ ಕೆಲಸ ಒಪ್ಪಿಸಿದ್ದ ಸಂಸ್ಥೆಯೊಂದು ವರದಿಯಲ್ಲಿ ಹೆಸರಿಲ್ಲದ ಹೇಳಿಕೆಗಳನ್ನು ಪ್ರಕಟಿಸಿತು. ಅದೇ ಸಂಜೆ ಪ್ರತಿ ಹೇಳಿಕೆಯ ಮುಂದೆಯೂ ಜನರು ಹೆಸರು ಬರೆದು ಹಂಚಿಕೊಂಡಿದ್ದರು. ವಯಸ್ಸು, ಭಾಷೆ ಮತ್ತು ಮಾತಿನ ಧಾಟಿ ಸೇರಿದರೆ ಹೆಸರಿನ ಅಗತ್ಯವೇ ಬೀಳುವುದಿಲ್ಲ. ಮುಂದಿನ ಸಭೆಗೆ ಕಿರಿಯರಲ್ಲಿ ಮುಕ್ಕಾಲು ಪಾಲು ಬರಲಿಲ್ಲ, ಹಾಜರಾತಿ ಕಡಿಮೆಯಾಯಿತೆಂಬ ಕಾರಣ ಕೊಟ್ಟು ಆ ಸಂಸ್ಥೆ ನನ್ನ ಕೊನೆಯ ಕಂತನ್ನು ತಡೆಹಿಡಿಯಿತು. ಒಟ್ಟು ಸಂಭಾವನೆಯ ಮೂರನೇ ಒಂದು ಭಾಗದಷ್ಟಿದ್ದ ಆ ಬಾಕಿ ಇಂದಿಗೂ ಬಂದಿಲ್ಲ.

ಮರುಹೇಳಿಕೆಯನ್ನು ಕೈಗೆತ್ತಿಕೊಂಡದ್ದು ಆ ನಂತರ. ಮೊದಲ ಸಭೆಗಳು ನಿಯಮದ ದೃಷ್ಟಿಯಿಂದ ಚೆನ್ನಾಗಿಯೇ ನಡೆದವು. ಒಬ್ಬರು ಮಾತನಾಡುತ್ತಿದ್ದರು, ಇನ್ನೊಬ್ಬರು ತಿರುಗಿ ಹೇಳುತ್ತಿದ್ದರು, ನಾನು ಮೊದಲಿನವರತ್ತ ನೋಡಿ ‘ಸರಿಯೇ?’ ಎಂದು ಕೇಳುತ್ತಿದ್ದೆ, ಅವರು ಸರಿಯೆಂದು ತಲೆಯಾಡಿಸುತ್ತಿದ್ದರು. ನಡಾವಳಿಯ ತುಂಬ ಒಪ್ಪಿಗೆಗಳೇ ಇರುತ್ತಿದ್ದವು, ಒಂದು ವಾರ ಕಳೆಯುವುದರೊಳಗೆ ‘ನಾನು ಹಾಗೆ ಹೇಳಿಯೇ ಇಲ್ಲ’ ಎಂಬ ದೂರುಗಳು ಬರುತ್ತಿದ್ದವು.

ಸಾರ್ವಜನಿಕ ಗ್ರಂಥಾಲಯವೊಂದರ ಓದುವ ಕೊಠಡಿಯ ಬಳಕೆಯನ್ನು ಕುರಿತ ಸಭೆಯಲ್ಲಿ ಇದರ ಗುಟ್ಟು ತಿಳಿಯಿತು. ಸಂಜೆಯ ಹೊತ್ತು ಕೊಠಡಿಯಲ್ಲಿ ಯಾರೂ ಮಾತನಾಡಬಾರದೆಂದು ಹಿರಿಯರೊಬ್ಬರು ಹೇಳಿದರು. ಗುಂಪಾಗಿ ಕುಳಿತು ಓದುವ ವಿದ್ಯಾರ್ಥಿನಿಯೊಬ್ಬಳು ಅದನ್ನು ತಿರುಗಿ ಹೇಳಬೇಕಾಗಿತ್ತು. ‘ನಮ್ಮಂಥವರು ಅಲ್ಲಿಗೆ ಬರುವುದೇ ನಿಮಗೆ ಬೇಡ ಎಂದು ಹೇಳಿದಿರಿ’ ಎಂದಳು. ನಾನು ಎಂದಿನಂತೆ ‘ಸರಿಯೇ?’ ಎಂದೆ. ‘ಹಾಗೇ ಇಟ್ಟುಕೊಳ್ಳಿ’ ಎಂದು ಹಿರಿಯರು ಮುಖ ತಿರುಗಿಸಿದರು. ಸರಿಯಲ್ಲವೆಂದರೆ ಮೊಮ್ಮಗಳ ವಯಸ್ಸಿನವಳನ್ನು ಸಭೆಯ ಮುಂದೆ ತಪ್ಪಿತಸ್ಥೆಯನ್ನಾಗಿ ಮಾಡಿದಂತಾಗುತ್ತಿತ್ತು, ಸರಿಯೆಂದರೆ ಹೇಳದ ಮಾತನ್ನು ಹೊತ್ತುಕೊಳ್ಳಬೇಕಾಗುತ್ತಿತ್ತು. ಅವರು ಎರಡೂ ಅಲ್ಲದ ಉತ್ತರವನ್ನು ಆರಿಸಿಕೊಂಡರು. ಆಗ ನಾನು ಪ್ರಶ್ನೆಯನ್ನೇ ಬದಲಿಸಿ, ‘ಈಕೆ ಹೇಳಿದ್ದರಲ್ಲಿ ಏನು ಬಿಟ್ಟುಹೋಯಿತು, ಒಂದನ್ನಾದರೂ ಸೇರಿಸಿ’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: ‘ನನಗೆ ಎಡಗಿವಿ ಕೇಳುವುದಿಲ್ಲ ತಾಯಿ. ನಾಲ್ಕು ಜನ ಮಾತನಾಡಿದರೆ ಯಾರು ಕರೆದರು, ಯಾವ ಕಡೆಯಿಂದ ಕರೆದರು ಎನ್ನುವುದೇ ತಿಳಿಯುವುದಿಲ್ಲ. ಅದಕ್ಕೇ ಹೆದರಿಕೆ.’ ಆಕೆ ಎರಡನೆಯ ಬಾರಿ ಮಾಡಿದ ಮರುಹೇಳಿಕೆ ಬೇರೆಯೇ ಆಗಿತ್ತು. ಕೊಠಡಿಯ ಮೂಲೆಯ ಮೇಜುಗಳನ್ನು ಗುಂಪು ಓದಿಗೆ ಬಿಟ್ಟು, ಗೋಡೆಗೆ ಬೆನ್ನು ಮಾಡಿ ಕೂರುವ ಜಾಗವನ್ನು ಹಿರಿಯರಿಗೆ ಕಾಯ್ದಿಡುವ ಸಲಹೆಯೂ ಅವಳಿಂದಲೇ ಬಂತು.

ಅಂದಿನಿಂದ ‘ಸರಿಯೇ?’ ಎಂಬ ಪ್ರಶ್ನೆಯನ್ನು ನನ್ನ ಸಭೆಗಳಲ್ಲಿ ನಿಷೇಧಿಸಿದ್ದೇನೆ. ಒಂದನ್ನಾದರೂ ಸೇರಿಸಲೇಬೇಕೆಂಬ ನಿಯಮ ಎಲ್ಲರಿಗೂ ಅನ್ವಯಿಸುವುದರಿಂದ ತಿದ್ದುವುದು ಅವಮಾನವಾಗಿ ಉಳಿಯುವುದಿಲ್ಲ, ಸಭೆಯ ವಾಡಿಕೆಯಾಗುತ್ತದೆ. ನೇರವಾಗಿ ಅಲ್ಲವೆನ್ನುವ ರೂಢಿಯಿರುವ ಸಮುದಾಯದವರು ಮೊದಲು ಗೊಣಗಿದರು, ತಾವು ಪೂರ್ತಿಯಾಗಿಯೇ ಹೇಳಿರುವಾಗ ಸೇರಿಸುವುದೇನೆಂದು ಕೇಳಿದರು; ಸೇರಿಸಲು ಒಂದಾದರೂ ಸಿಗದೆ ಹೋದ ಮಾತು ನನಗೆ ನೆನಪಿರುವಂತೆ ನೂರಕ್ಕೆ ಐದಾರಕ್ಕಿಂತ ಹೆಚ್ಚಿಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರಲ್ಲೇ ಮುಖ ಉಳಿಸಿಕೊಳ್ಳುವ, ಎಂದರೆ ಎಲ್ಲರೆದುರು ಮರ್ಯಾದೆ ಕಾಯ್ದುಕೊಳ್ಳುವ, ವ್ಯವಹಾರದ ಬಗ್ಗೆ ಬರೆದದ್ದನ್ನು ನಾವೆಲ್ಲ ಓದಿದ್ದೇವೆ, ಆದರೂ ಸಭೆಯಲ್ಲಿ ನಾವು ಕೇಳುವ ಪ್ರಶ್ನೆಯೇ ಎದುರಿನವರನ್ನು ಆ ಇಕ್ಕಟ್ಟಿಗೆ ತಳ್ಳುತ್ತದೆಂಬುದನ್ನು ಗಮನಿಸುವವರು ಕಡಿಮೆ.

ಎರಡನೆಯ ನಿಯಮ ಸರದಿಯದು. ನಿರ್ಧಾರ ಕೈಗೊಳ್ಳುವ ಅಧಿಕಾರ ಯಾರಿಗಿದೆಯೋ ಅವರೇ ಮೊದಲು ಮರುಹೇಳಬೇಕು. ಅಧಿಕಾರಿಯೊಬ್ಬರು ಎಲ್ಲರೆದುರು ಹದಿನೇಳು ವರ್ಷದ ಹುಡುಗನ ದೂರನ್ನು ತಮ್ಮ ಬಾಯಿಂದ ಹೇಳಿ, ಅವನಿಂದ ತಿದ್ದಿಸಿಕೊಂಡು, ಮತ್ತೊಮ್ಮೆ ಹೇಳಿದ ಮೇಲೆ ಉಳಿದವರಿಗೆ ಪರೀಕ್ಷೆಯ ಭಾವ ಇರುವುದಿಲ್ಲ. ಇದಕ್ಕೆ ಅಧಿಕಾರಿಗಳನ್ನು ಒಪ್ಪಿಸುವುದು ಹೇಗೆಂದು ಹಲವರು ಕೇಳುತ್ತಾರೆ. ಸಭೆಗೆ ಮೊದಲು ಅವರೊಂದಿಗೆ ಏನು ಮಾತನಾಡುತ್ತೇನೆ, ಮೊದಲ ದೂರನ್ನು ಹೇಳಲು ಯಾರನ್ನು ಆರಿಸುತ್ತೇನೆ ಎಂಬ ಎರಡು ಸಂಗತಿಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.

ಮೌನದ ಲೆಕ್ಕವನ್ನು ಮಾತ್ರ ಮುಚ್ಚಿಡುವುದಿಲ್ಲ. ತರಗತಿಯಲ್ಲಿ ಶಿಕ್ಷಕರು ಪ್ರಶ್ನೆ ಕೇಳಿದ ಬಳಿಕ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ತಾವಾಗಿಯೇ ಮಾತನಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. 2009ರಲ್ಲಿ ಪ್ರಕಟವಾದ ಹತ್ತು ಭಾಷೆಗಳ ಅಧ್ಯಯನವು ಮಾತಿನಿಂದ ಮಾತಿಗೆ ಇರುವ ಅಂತರವು ಎಲ್ಲ ಕಡೆಯೂ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲೇ ಇರುತ್ತದೆಂದೂ, ಜಪಾನಿ ಭಾಷಿಕರದು ಅತಿ ಕಡಿಮೆ, ಡ್ಯಾನಿಶ್ ಭಾಷಿಕರದು ಹೆಚ್ಚು, ಅದೂ ಅರ್ಧ ಸೆಕೆಂಡಿನೊಳಗೇ ಎಂದೂ ಕಂಡುಕೊಂಡಿತು. ಅಷ್ಟು ಸಣ್ಣ ವ್ಯತ್ಯಾಸವೇ ಒಬ್ಬರಿಗೆ ದುಡುಕಾಗಿ, ಇನ್ನೊಬ್ಬರಿಗೆ ಉದಾಸೀನವಾಗಿ ತೋರುವುದಾದರೆ ದುಭಾಷಿಯ ಮೂಲಕ ಕೇಳುವವರ ಪಾಡೇನು? ದುಭಾಷಿಯ ಕೊನೆಯ ಪದ ಮುಗಿದ ಮೇಲೆ ಐದಾರು ಸೆಕೆಂಡು ಯಾರೂ ಮಾತನಾಡುವಂತಿಲ್ಲವೆಂಬ ಕಟ್ಟಳೆ ಮಾಡಿದೆ. ಮೊದಲರ್ಧ ಗಂಟೆ ಎಲ್ಲರಿಗೂ ಕಸಿವಿಸಿಯಾಗುತ್ತದೆ, ಯಾರಾದರೂ ನಕ್ಕೇ ನಗುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತನಾಡುವುದನ್ನೇ ಆತ್ಮೀಯತೆಯ ಲಕ್ಷಣವೆಂದು ತಿಳಿಯುವ ಗುಂಪುಗಳಿಗೆ ಇದು ಉಸಿರುಗಟ್ಟಿಸುತ್ತದೆ. ಅಂಥವರಿಗಾಗಿ ಆರಂಭದಲ್ಲಿ ಇಬ್ಬಿಬ್ಬರೇ ಕುಳಿತು ಮನಬಂದಂತೆ ಮಾತನಾಡುವ ಕಾಲು ಗಂಟೆಯನ್ನು ಇಟ್ಟಿದ್ದೇನೆ.

ಇನ್ನು ಹಣ. ಈ ಕ್ರಮದಲ್ಲಿ ಪ್ರತಿ ಮಾತನ್ನೂ ಕನಿಷ್ಠ ಎರಡು ಸಲ, ತಿದ್ದುಪಡಿ ಬಂದರೆ ಮೂರು ಸಲ ಅನುವಾದಿಸಬೇಕು. ಏಕಕಾಲದ ಅನುವಾದ ಮಾಡುವವರು ಜೋಡಿಯಾಗಿ ಕುಳಿತು ಇಪ್ಪತ್ತು ಮೂವತ್ತು ನಿಮಿಷಗಳಿಗೊಮ್ಮೆ ಸರದಿ ಬದಲಿಸುವ ವಾಡಿಕೆಯಿರುವುದರಿಂದ ಮೂರು ಭಾಷೆಗಳ ಸಭೆಗೆ ಆರು ಮಂದಿ ಬೇಕಾಗುತ್ತಾರೆ. ಮೊದಲ ವರ್ಷ ಒಟ್ಟು ವೆಚ್ಚದ ಅರ್ಧಕ್ಕಿಂತ ಹೆಚ್ಚು ದುಭಾಷಿಗಳಿಗೇ ಹೋಯಿತು, ನಾನು ಕೈಯಿಂದ ಹಣ ಹಾಕಿದೆ. ಪ್ರಾಯೋಜಕರಿಗೆ ಸಭೆಯ ಅವಧಿಯಲ್ಲಿ ಎಷ್ಟು ಜನ ಮಾತನಾಡಿದರೆಂಬ ಲೆಕ್ಕ ಬೇಕು, ಈ ಕ್ರಮದಲ್ಲಿ ಆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿಯೆಂದರೆ ಸಭೆಯ ನಂತರ ಬರುವ ತಕರಾರುಗಳನ್ನು ಲೆಕ್ಕಕ್ಕೆ ಹಿಡಿಯುವುದು. ಹಳೆಯ ಕ್ರಮದಲ್ಲಿ ನಡಾವಳಿಯ ಮೇಲೆ ಹತ್ತಾರು ತಕರಾರುಗಳು ಬಂದು, ಸ್ಪಷ್ಟೀಕರಣದ ಸಭೆಯೊಂದನ್ನು ಮತ್ತೆ ಕರೆಯಬೇಕಾಗುತ್ತಿತ್ತು. ಈಗ ಒಂದೆರಡು ಬಂದರೆ ಹೆಚ್ಚು. ಕರೆಯಬೇಕಾಗಿಲ್ಲದ ಆ ಎರಡನೆಯ ಸಭೆಯ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸತೊಡಗಿದ ಮೇಲೆ ಪ್ರಾಯೋಜಕರ ಚೌಕಾಸಿ ಕಡಿಮೆಯಾಯಿತು.

ದುಭಾಷಿಗಳ ವಿಷಯದಲ್ಲಿ ಒಂದು ಸಣ್ಣ ಉಪಾಯ ದೊಡ್ಡ ಉಳಿತಾಯ ತಂದಿತು. 1945ರಲ್ಲಿ ಆರಂಭವಾದ, ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ಭಾಷೆಗಳ ನಡುವೆ ಏಕಕಾಲದ ಅನುವಾದ ನಡೆಯುತ್ತಿದ್ದಾಗ, ಮಾತು ವೇಗವಾದರೆ ಹಳದಿ ದೀಪ, ನಿಲ್ಲಿಸಬೇಕಾದರೆ ಕೆಂಪು ದೀಪ ಹೊತ್ತುತ್ತಿತ್ತು. ನನ್ನಲ್ಲಿ ದೀಪವಿಲ್ಲ, ಹಳದಿ ಕಾರ್ಡು ಇದೆ. ಅದನ್ನು ದುಭಾಷಿ ಮಾತ್ರವಲ್ಲದೆ ಸಭೆಯಲ್ಲಿರುವ ಯಾರು ಬೇಕಾದರೂ ಎತ್ತಬಹುದು. ಹಿರಿಯರ ಮಾತನ್ನು ತಡೆಯಲು ಹಿಂಜರಿಯುವ ಹುಡುಗರು ಬಾಯಿ ಬಿಡದಿದ್ದರೂ ಕಾರ್ಡನ್ನು ಸಲೀಸಾಗಿ ಎತ್ತುತ್ತಾರೆ, ಹಿರಿಯರೂ ಅದನ್ನು ತಪ್ಪು ತಿಳಿಯುವುದಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮನಶ್ಶಾಸ್ತ್ರಜ್ಞ ಬರ್ನಾರ್ಡ್ ಸ್ಟೈನ್‌ಝರ್ 1950ರಲ್ಲಿ ಗಮನಿಸಿದಂತೆ ದುಂಡಾಗಿ ಕುಳಿತವರು ಪಕ್ಕದವರಿಗಿಂತ ಎದುರಿನವರ ಮಾತಿಗೆ ಹೆಚ್ಚಾಗಿ ಉತ್ತರಿಸುತ್ತಾರೆ. ಹಾಗಾಗಿ ಜಗಳವಿರುವ ಪಕ್ಷಗಳನ್ನು ಎದುರುಬದುರು ಕೂರಿಸದೆ ಅಕ್ಕಪಕ್ಕ ಕೂರಿಸಿ ನೋಡಿದೆ, ಬಿಸಿ ಇಳಿಯಿತು, ಜೊತೆಗೆ ಹುರುಪೂ ಇಳಿಯಿತು. ಸಭೆಗೆ ಮೊದಲೇ ಧ್ವನಿ ಸಂದೇಶದಲ್ಲಿ ಅಭಿಪ್ರಾಯ ತರಿಸಿಕೊಳ್ಳುವ ಪ್ರಯೋಗದಲ್ಲಿ ಹಿರಿಯರು ಐದೈದು ನಿಮಿಷ ಮಾತನಾಡಿ ಕಳಿಸಿದರು, ಕಿರಿಯರು ಅದನ್ನು ಎರಡು ಪಟ್ಟು ವೇಗದಲ್ಲಿ ಕೇಳಿದರು. ಆ ವೇಗದಲ್ಲಿ ಕೇಳಿದವರ ಮರುಹೇಳಿಕೆಯಲ್ಲಿ ವಿಷಯವೆಲ್ಲ ಇರುತ್ತಿತ್ತು, ಸಂಕೋಚ ಮಾತ್ರ ಕಾಣೆಯಾಗುತ್ತಿತ್ತು. ಮೊಬೈಲಿನ ಯಂತ್ರಾನುವಾದದಲ್ಲಿಯೂ ನನಗೆ ಕಂಡುಬಂದ ದೋಷ ಅದೇ. ‘ಆಗಬಹುದೇನೋ’ ಎಂದವರು ಆಗುತ್ತದೆ ಎಂದಂತೆ ಕೇಳಿಸುತ್ತದೆ. ಹಣ ಎಷ್ಟೇ ಉಳಿದರೂ ಅದನ್ನು ಸಭೆಗೆ ತರುವುದಿಲ್ಲ.

ನೀತಿಯ ಪ್ರಶ್ನೆ ಹೆಚ್ಚು ಕಾಡಿದ್ದು ನಿಂದೆಯ ಮಾತುಗಳ ಸಂದರ್ಭದಲ್ಲಿ. ಒಂದು ಸಮುದಾಯವನ್ನೇ ಹೀಯಾಳಿಸುವ ಮಾತನ್ನು ಅದೇ ಸಮುದಾಯದವರ ಬಾಯಿಂದ ತಿರುಗಿ ಹೇಳಿಸುವುದು ನಿಯಮಪಾಲನೆಯ ಹೆಸರಿನ ಕ್ರೌರ್ಯ. ಎಲ್ಲರೂ ಸಮಾನರಾಗಿ ವಾದಿಸಬಲ್ಲ ಸಂವಾದವನ್ನು ಜರ್ಮನ್ ತತ್ತ್ವಜ್ಞಾನಿ ಯೂರ್ಗೆನ್ ಹಾಬರ್ಮಾಸ್ ಆದರ್ಶವಾಗಿ ಮುಂದಿಟ್ಟರು, ನಮ್ಮ ಸಭಾಂಗಣಕ್ಕೆ ಬರುವವರು ಸಮಾನರಾಗಿ ಬರುವುದಿಲ್ಲ. ಹಾಗಾಗಿ ನೊಂದವರಿಗೆ ಮರುಹೇಳಿಕೆಯಿಂದ ವಿನಾಯಿತಿ ಇದೆ. ಆ ಮಾತನ್ನು ಆಡಿದವರ ಪಕ್ಷದವರೇ ಒಬ್ಬರು ಅದನ್ನು ತಿರುಗಿ ಹೇಳಬೇಕು. ತಮ್ಮವರ ಮಾತನ್ನು ತಾವೇ ಹೇಳಬೇಕಾಗಿ ಬಂದಾಗ ಅರ್ಧಕ್ಕೆ ನಿಲ್ಲಿಸಿ ‘ಇದನ್ನು ನಾನು ಹೇಳಲಾರೆ’ ಎಂದವರನ್ನು ಕಂಡಿದ್ದೇನೆ. ನಡಾವಳಿಗೆ ಹೋಗುವುದು ಹೇಳಿದವರು ತಿದ್ದಿದ ಮರುಹೇಳಿಕೆ ಮಾತ್ರ, ಮೂಲ ಮಾತಿನ ಧ್ವನಿಮುದ್ರಿಕೆಯನ್ನು ಅಳಿಸುತ್ತೇನೆ. ಮರುದಿನ ಮಧ್ಯಾಹ್ನದವರೆಗೆ ಯಾರು ಬೇಕಾದರೂ ಕಾರಣ ಕೊಡದೆ ತಮ್ಮ ಮಾತನ್ನು ಹಿಂದಕ್ಕೆ ಪಡೆಯಬಹುದು. ಇದು ಸತ್ಯವನ್ನು ತಿರುಚುವ ಅವಕಾಶವೆಂದು ಪತ್ರಕರ್ತ ಮಿತ್ರರೊಬ್ಬರು ಆಕ್ಷೇಪಿಸಿದರು. ಅವರು ಹೇಳುವುದು ಸಾರ್ವಜನಿಕ ಹುದ್ದೆಯಲ್ಲಿರುವವರ ಮಟ್ಟಿಗೆ ನ್ಯಾಯವೆನಿಸಿತು. ಅಂದಿನಿಂದ ಅಧಿಕಾರದಲ್ಲಿರುವವರಿಗೆ ತಮ್ಮ ಮಾತನ್ನು ತಿದ್ದುವ ಹಕ್ಕಿದೆ, ಹಿಂಪಡೆಯುವ ಹಕ್ಕಿಲ್ಲ.

ಈಗ ಇದನ್ನು ವಿಡಿಯೊ ಸಭೆಗಳಿಗೆ ಒಗ್ಗಿಸುವ ಕೆಲಸ ನಡೆದಿದೆ. ಅಲ್ಲಿ ಐದು ಸೆಕೆಂಡಿನ ಮೌನವಾದರೆ ಸಂಪರ್ಕ ಕಡಿದುಹೋಯಿತೆಂದು ಎಲ್ಲರೂ ‘ಕೇಳಿಸುತ್ತಿದೆಯೇ?’ ಎಂದು ಕೂಗತೊಡಗುತ್ತಾರೆ. ಪರದೆಯ ಮೇಲೆ ಸೆಕೆಂಡುಗಳನ್ನು ಎಣಿಸಿ ತೋರಿಸಿದೆ, ಜನ ಮಾತಿಗಿಂತ ಎಣಿಕೆಯನ್ನೇ ನೋಡಿದರು. ಸದ್ಯಕ್ಕೆ ದುಭಾಷಿಯೇ ತನ್ನ ಅನುವಾದ ಮುಗಿದ ಮೇಲೆ ಕೈ ಎತ್ತಿ ಹಿಡಿದು, ಸಮಯವಾದಾಗ ಇಳಿಸುವ ಏರ್ಪಾಟು ಮಾಡಿದ್ದೇನೆ. ಕ್ಯಾಮೆರಾ ಆರಿಸಿ ಕೂರುವವರಿಗೆ ಇದರಿಂದ ಪ್ರಯೋಜನವಾಗುತ್ತದೆ, ಪರದೆಯೇ ಇಲ್ಲದೆ ಬರೀ ಫೋನ್ ಕರೆಯಲ್ಲಿ ಸೇರುವ ಹಿರಿಯರಿಗೆ ಇನ್ನೊಂದು ದಾರಿ ಹುಡುಕಬೇಕು.