ಬೂತ್ ಏಜೆಂಟ್ ಆಗಿ ಕೂತ್ಕೊಳ್ಳೋದು ಹೇಗೆ? ಮಾಕ್ ಪೋಲಿಂದ 17ಸಿ ತನಕ

ರಿಸಲ್ಟ್ ಬಂದ ದಿನ ಸಂಜೆ ನಮ್ಮ ಊರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇವಿಎಂ ಬೊಬ್ಬೆ ಶುರುವಾಗ್ತದೆ. ಸೋತವರು ಮಷೀನೇ ಸರಿ ಇಲ್ಲ ಅಂತಾರೆ, ಗೆದ್ದವರು ನಗ್ತಾರೆ, ಮುಂದಿನ ಸರ್ತಿ ಗೆಲುವು ಅದಲುಬದಲಾದ್ರೆ ಡೈಲಾಗೂ ಅದಲುಬದಲು. ಇವರಲ್ಲಿ ಯಾರತ್ರ ಆದ್ರೂ ನಿಮ್ಮ ಬೂತಿನ 17ಸಿ ಕಾಪಿ ತೋರಿಸಿ ಮಾರಾಯ್ರೆ ಅಂತ ಕೇಳಿ ನೋಡಿ, ಬೂತಲ್ಲಿ ಒಟ್ಟು ಎಷ್ಟು ಓಟು ಬಿತ್ತು ಅಂತ ಲೆಕ್ಕ ಬರೆದ ಅಂಥದ್ದೊಂದು ಕಾಗದ ಉಂಟು ಅಂತಲೇ ಸುಮಾರು ಜನಕ್ಕೆ ಗೊತ್ತಿರೋದಿಲ್ಲ. ನನ್ನ ಪ್ರಕಾರ ಎಲೆಕ್ಷನ್ ಸರಿಯಾಗಿ ಆಯ್ತಾ ಇಲ್ವಾ ಅಂತ ಸಾಮಾನ್ಯ ಮನುಷ್ಯ ಕಣ್ಣಾರೆ ನೋಡ್ಲಿಕ್ಕೆ ಆಗುವ ಒಂದೇ ಜಾಗ ಅಂದ್ರೆ ಬೂತಿನೊಳಗೆ ಅಭ್ಯರ್ಥಿಗಳ ಕಡೆಯ ಏಜೆಂಟರು ಕೂರುವ ಬೆಂಚು. ಅಲ್ಲಿ ಕೂತು ಎಂತ ಮಾಡ್ಬೇಕು ಅಂತ ಇಲ್ಲಿ ಹೇಳ್ತೇನೆ.

ಮೊದಲು ಕಾಗದದ ಕೆಲಸ. ಅಭ್ಯರ್ಥಿ ಅಥವಾ ಅವರ ಎಲೆಕ್ಷನ್ ಏಜೆಂಟ್ ಸೈನ್ ಮಾಡಿದ ಫಾರ್ಮ್ 10 ಬೇಕು, ಅದಿಲ್ಲದೆ ಒಳಗೆ ಬಿಡೋದಿಲ್ಲ. ಒಬ್ಬ ಅಭ್ಯರ್ಥಿಗೆ ಬೂತಿಗೆ ಒಬ್ಬ ಏಜೆಂಟ್, ಜೊತೆಗೆ ಇಬ್ಬರು ಬದಲಿ, ಆದ್ರೆ ಒಳಗೆ ಒಂದು ಸಲಕ್ಕೆ ಒಬ್ರೇ. ಪಾರ್ಟಿ ಶಾಲು, ಬ್ಯಾಡ್ಜ್, ಮೊಬೈಲ್ ಎಲ್ಲ ಹೊರಗೆ. ಪೆನ್ನು, ನೋಟ್‌ಬುಕ್, ವೋಟರ್ ಲಿಸ್ಟ್ ಕಾಪಿ ಇದ್ರೆ ಸಾಕು, ಮತ್ತೆ ನಮ್ಮ ಏಪ್ರಿಲ್-ಮೇ ಸೆಕೆಗೆ ನೀರಿನ ಬಾಟಲಿ, ಬೈರಾಸು ಬೇಕೇ ಬೇಕು. ಹಿಂದಿನ ದಿನವೇ ನಿಮ್ಮ ಅಭ್ಯರ್ಥಿ ಕಡೆಯವರಿಂದ ಆ ಬೂತಿಗೆ ಬರುವ ಕಂಟ್ರೋಲ್ ಯುನಿಟ್ (ಓಟಿನ ಲೆಕ್ಕ ಇಡುವ ಮಷೀನ್), ಬ್ಯಾಲೆಟ್ ಯುನಿಟ್ (ಓಟರು ಬಟನ್ ಒತ್ತುವ ಮಷೀನ್), ವಿವಿಪ್ಯಾಟ್ (ಯಾರಿಗೆ ಓಟು ಬಿತ್ತು ಅಂತ ಚೀಟಿ ತೋರಿಸುವ ಮಷೀನ್) ನಂಬರ್‌ಗಳನ್ನು ತಗೊಂಡು ಬರ್ಕೊಳ್ಳಿ. ಯಾವ ಮಷೀನ್ ಯಾವ ಬೂತಿಗೆ ಅನ್ನೋದು ಕಂಪ್ಯೂಟರಲ್ಲಿ ಲಾಟರಿ ಎತ್ತಿದ ಹಾಗೆ ಆಗ್ತದೆ, ಆ ಲಿಸ್ಟನ್ನು ಅಭ್ಯರ್ಥಿಗಳಿಗೆ ಕೊಡ್ತಾರೆ.

ಈಗ ಮಾಕ್ ಪೋಲ್, ಅಂದ್ರೆ ಮಷೀನ್ ಸರಿ ಉಂಟಾ ಅಂತ ನೋಡ್ಲಿಕ್ಕೆ ಏಜೆಂಟರ ಎದುರು ಮೊದಲೇ ಹಾಕುವ ಪರೀಕ್ಷೆ ಓಟು. ಓಟಿಂಗ್ 7 ಗಂಟೆಗೆ ಅಂದ್ರೆ ಮಾಕ್ ಪೋಲ್ 5.30ಕ್ಕೆ. ಹೆಚ್ಚಿನ ಏಜೆಂಟರು ಇಲ್ಲೇ ಕೈ ಕೊಡೋದು, ಚಾ ಕುಡಿದು ಆರಾಮಲ್ಲಿ ಆರೂಮುಕ್ಕಾಲಿಗೆ ಬರ್ತಾರೆ, ಅಷ್ಟೊತ್ತಿಗೆ ನೋಡ್ಬೇಕಾದ್ದು ಅರ್ಧ ಮುಗಿದಿರ್ತದೆ. ಏಜೆಂಟ್ ಬರ್ಲಿಲ್ಲ ಅಂದ್ರೆ ಬೂತಿನ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್ 15 ನಿಮಿಷ ಕಾಯ್ತಾರೆ, ಆಮೇಲೆ ಶುರು ಮಾಡ್ತಾರೆ. ಒಟ್ಟು ಕಮ್ಮಿ ಅಂದ್ರೆ 50 ಓಟು ಹಾಕ್ಬೇಕು, ಪ್ರತಿ ಅಭ್ಯರ್ಥಿಗೂ, ನೋಟಾಕ್ಕೂ ಬಿದ್ದಿರ್ಬೇಕು. ನೀವು ಯಾರಿಗೆ ಎಷ್ಟು ಒತ್ತಿದ್ರಿ ಅಂತ ಬರೆದಿಟ್ಟುಕೊಳ್ಳಿ, ಯಾಕಂದ್ರೆ ಆಮೇಲೆ ಕಂಟ್ರೋಲ್ ಯುನಿಟ್ ತೋರಿಸುವ ಲೆಕ್ಕ, ವಿವಿಪ್ಯಾಟಲ್ಲಿ ಬಿದ್ದ ಚೀಟಿ ಲೆಕ್ಕ, ನಿಮ್ಮ ನೋಟ್‌ಬುಕ್ ಲೆಕ್ಕ ಮೂರೂ ತಾಳೆ ಆಗ್ಬೇಕು. ಆದ ಮೇಲೆ ಕ್ಲಿಯರ್ ಬಟನ್ ಒತ್ತಿ ಸೊನ್ನೆ ತೋರಿಸಲಿಕ್ಕೆ ಹೇಳಿ. ಇದು ತುಂಬ ಮುಖ್ಯ, ಕ್ಲಿಯರ್ ಮಾಡ್ಲಿಕ್ಕೆ ಮರೆತು ಅಸಲಿ ಓಟಿಂಗ್ ಶುರುವಾದ್ರೆ ಆ ಬೂತಿನ ಲೆಕ್ಕ ಪೂರ್ತಿ ಗೋಜಲು. ಮಾಕ್ ಪೋಲ್ ಚೀಟಿಗಳನ್ನು ವಿವಿಪ್ಯಾಟಿಂದ ಖಾಲಿ ಮಾಡಿ ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡೋದನ್ನೂ ನೋಡಿ. ಕೊನೆಗೆ ಕಂಟ್ರೋಲ್ ಯುನಿಟ್‌ಗೆ ಹಸಿರು ಪೇಪರ್ ಸೀಲ್ ಹಾಕ್ತಾರಲ್ಲ, ಅದರಲ್ಲಿ ನಿಮ್ಮ ಸೈನೂ ಹಾಕಿ, ಸೀಲ್ ನಂಬರ್ ಬರ್ಕೊಳ್ಳಿ.

ಓಟಿಂಗ್ ಶುರುವಾದ ಮೇಲೆ ಹೆಚ್ಚಿನ ಹೊತ್ತು ಬೋರೇ. ಆದ್ರೂ ಕರಾವಳಿಯಲ್ಲಿ ಒಂದು ವಿಷಯಕ್ಕೆ ಕಣ್ಣು ಬಿಟ್ಟಿರ್ಬೇಕು, ಅದು ಊರಲ್ಲಿ ಇಲ್ಲದವರ ಓಟು. ಬೊಂಬಾಯಿಗೆ, ಗಲ್ಫಿಗೆ ಹೋದವರ ಹೆಸರು ಲಿಸ್ಟಲ್ಲೇ ಇರ್ತದೆ, ತೀರಿಹೋದವರದ್ದೂ ಇರ್ತದೆ. ಇಂಥವರದ್ದು ಎಎಸ್‌ಡಿ (ಊರಲ್ಲಿ ಇಲ್ಲದವರು, ಬೇರೆ ಕಡೆ ಹೋದವರು, ತೀರಿಹೋದವರು) ಅಂತ ಪ್ರತ್ಯೇಕ ಲಿಸ್ಟ್ ಪ್ರಿಸೈಡಿಂಗ್ ಆಫೀಸರ್ ಹತ್ರ ಉಂಟು, ಆ ಹೆಸರಲ್ಲಿ ಯಾರಾದ್ರೂ ಬಂದ್ರೆ ಗುರುತು ಚೀಟಿ ಸರಿಯಾಗಿ ನೋಡ್ಬೇಕು ಅಂತ ಹೇಳುವ ಹಕ್ಕು ನಿಮಗುಂಟು. ನಿಜವಾಗಿ ಡೌಟ್ ಬಂದ್ರೆ 2 ರೂಪಾಯಿ ಕಟ್ಟಿ ಚಾಲೆಂಜ್ ಮಾಡಬಹುದು. ಹೌದು, ಎರಡೇ ರೂಪಾಯಿ! ಸುಮ್ನೆ ತೊಂದರೆ ಕೊಡ್ಲಿಕ್ಕೆ ಚಾಲೆಂಜ್ ಮಾಡಿದ್ದು ಅಂತ ಗೊತ್ತಾದ್ರೆ ಅದೂ ಹೋಗ್ತದೆ. ಹಾಗಂತ ಬೊಂಬಾಯಿಯಿಂದ ರಾತ್ರಿ ಬಸ್ಸಲ್ಲಿ ಓಟಿಗೆ ಅಂತಲೇ ಬಂದ ಮನುಷ್ಯನನ್ನು ಹೆದರಿಸ್ಲಿಕ್ಕೆ ಇದನ್ನು ಉಪಯೋಗಿಸಬೇಡಿ, ಅದು ಕಳ್ಳ ಓಟಿನಷ್ಟೇ ಕೆಟ್ಟದ್ದು.

ಒಂದೇ ಹೆಸರಿನ ಮೂರ್ನಾಲ್ಕು ಶೆಟ್ಟಿ, ಪೂಜಾರಿ, ಡಿಸೋಜ ಇರುವ ಬೂತಲ್ಲಿ ಇನ್ನೊಂದು ಪಂಚಾತಿಕೆ ಆಗ್ತದೆ, ನಿಜವಾದ ಮನುಷ್ಯ ಬಂದಾಗ ಅವನ ಓಟು ಆಗಲೇ ಬಿದ್ದಿರ್ತದೆ. ಅವನನ್ನು ವಾಪಸ್ ಕಳಿಸೋದಲ್ಲ, ಟೆಂಡರ್ಡ್ ಓಟ್ ಅಂತ ಕಾಗದದ ಬ್ಯಾಲೆಟ್ ಕೊಡ್ಬೇಕು. ಮಾಮೂಲಿ ಎಣಿಕೆಗೆ ಅದು ಸೇರೋದಿಲ್ಲ, ಆದ್ರೆ ವಿಷಯ ಕೋರ್ಟಿಗೆ ಹೋದ್ರೆ ಅದೇ ದಾಖಲೆ. ಇನ್ನು ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣ್ತದೆ, ನಾನು ಒತ್ತಿದ್ದು ಒಂದು ಬಂದದ್ದು ಇನ್ನೊಂದು ಅಂತ ಯಾರಾದ್ರೂ ಹೇಳಿದ್ರೆ ಅವರಿಂದ ಬರಹದಲ್ಲಿ ತಗೊಂಡು ಏಜೆಂಟರ ಎದುರೇ ಟೆಸ್ಟ್ ಓಟ್ ಹಾಕಿಸ್ತಾರೆ. ನಿಜ ಆದ್ರೆ ಆ ಮಷೀನಲ್ಲಿ ಓಟಿಂಗ್ ಬಂದ್, ಸುಳ್ಳಾದ್ರೆ ಹೇಳಿದವರ ಮೇಲೆ ಕೇಸ್.

ಸಂಜೆ 17ಸಿ. ಟೈಮ್ ಮುಗಿಯುವಾಗ ಕ್ಯೂನಲ್ಲಿ ಇದ್ದವರಿಗೆಲ್ಲ ಕೊನೆಯವರಿಂದ ಶುರು ಮಾಡಿ ಚೀಟಿ ಕೊಡ್ತಾರೆ, ಅವರೆಲ್ಲ ಓಟು ಹಾಕಿ ಆದ ಮೇಲೆ ಕ್ಲೋಸ್ ಬಟನ್. ಆಗ ಕಂಟ್ರೋಲ್ ಯುನಿಟಲ್ಲಿ ಬರುವ ಟೋಟಲ್ ಮತ್ತು ಓಟು ಹಾಕ್ಲಿಕ್ಕೆ ಬಂದವರ ಸೈನ್ ತಗೊಳ್ಳುವ 17ಎ ರಿಜಿಸ್ಟರಲ್ಲಿ ಸೈನ್ ಮಾಡಿದವರ ಲೆಕ್ಕ ಹೋಲಿಸಿ. ರಿಜಿಸ್ಟರಲ್ಲಿ ಸೈನ್ ಮಾಡಿ ಓಟು ಹಾಕದೆ ಹೋದವರು ಇರ್ತಾರೆ, ಟೆಸ್ಟ್ ಓಟು ಇರ್ತದೆ, ಅವನ್ನೆಲ್ಲ ಬರೀಲಿಕ್ಕೆ ಫಾರ್ಮಲ್ಲಿ ಬೇರೆ ಬೇರೆ ಕಾಲಂ ಉಂಟು. ಇಡೀ ದಿನ ಕೂತು ಸುಸ್ತಾಗಿರ್ತದೆ, ಮನೆಗೆ ಹೋಗುವ ಅರ್ಜೆಂಟಿರ್ತದೆ, ಆದ್ರೂ 17ಸಿ ಕಾಪಿ ಕೈಗೆ ಬಾರದೆ ಏಳಬೇಡಿ. 1961ರ ಚುನಾವಣಾ ನಿಯಮದ 49ಎಸ್ ಪ್ರಕಾರ ಓಟಿಂಗ್ ಮುಗಿಯುವಾಗ ಇದ್ದ ಪ್ರತಿ ಏಜೆಂಟಿಗೂ ಅದನ್ನು ಕೊಡ್ಲೇಬೇಕು, ಕೇಳ್ಬೇಕು ಅಂತಲೂ ಇಲ್ಲ.

ಆ ಕಾಗದದ ಬೆಲೆ ಗೊತ್ತಾಗೋದು ಕೌಂಟಿಂಗ್ ದಿನ. ದಕ್ಷಿಣ ಕನ್ನಡದ ಮಷೀನ್‌ಗಳು ಸುರತ್ಕಲ್ ಎನ್‌ಐಟಿಕೆಯಲ್ಲಿ ಇದ್ವು 2024ರಲ್ಲಿ, ಅಂಥ ಕಡೆ ಟೇಬಲಿಗೆ ನಿಮ್ಮ ಬೂತಿನ ಕಂಟ್ರೋಲ್ ಯುನಿಟ್ ಬಂದಾಗ ನಿಮ್ಮ ಪಾರ್ಟಿಯ ಕೌಂಟಿಂಗ್ ಏಜೆಂಟ್ ನೋಡ್ಬೇಕಾದ್ದು ಮೂರೇ ನಂಬರ್, ಯುನಿಟ್ ನಂಬರ್, ಸೀಲ್ ನಂಬರ್, ಒಟ್ಟು ಓಟು. ಅಲ್ಲಿ ವ್ಯತ್ಯಾಸ ಬಂದ್ರೆ ಮುಂದಿನ ರೌಂಡಿಗೆ ಹೋಗುವ ಮೊದಲೇ ಬರಹದಲ್ಲಿ ಆಕ್ಷೇಪ ಕೊಡ್ಬೇಕು, ಹೊರಗೆ ಬಂದು ಟಿವಿ ಮೈಕ್ ಮುಂದೆ ಹೇಳಿ ಎಂತ ಪ್ರಯೋಜನ? ಇದರ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಐದು ಬೂತಿನ ವಿವಿಪ್ಯಾಟ್ ಚೀಟಿ ಎಣಿಸ್ತಾರೆ, ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭೆ, ಅಂದ್ರೆ 40 ಬೂತು. ಮಷೀನ್ ಲೆಕ್ಕಕ್ಕೂ ಚೀಟಿ ಲೆಕ್ಕಕ್ಕೂ ತಾಳೆ ಆಗದಿದ್ರೆ ಚೀಟಿ ಲೆಕ್ಕವೇ ಫೈನಲ್.

ಇನ್ನೊಂದು ಹೊಸ ದಾರಿ ಉಂಟು. 2024ರ ಏಪ್ರಿಲ್ 26, ಮಂಗಳೂರು, ಉಡುಪಿಯವರು ಕ್ಯೂನಲ್ಲಿ ನಿಂತಿದ್ದ ಅದೇ ದಿನ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಎರಡನೇ, ಮೂರನೇ ಸ್ಥಾನ ಬಂದ ಅಭ್ಯರ್ಥಿ ರಿಸಲ್ಟ್ ಬಂದ 7 ದಿನದೊಳಗೆ ಬರೆದುಕೊಟ್ರೆ ಪ್ರತಿ ವಿಧಾನಸಭಾ ಭಾಗದ ನೂರಕ್ಕೆ ಐದು ಮಷೀನ್‌ಗಳ ಮೈಕ್ರೋಕಂಟ್ರೋಲರನ್ನು (ಮಷೀನಿನ ಪ್ರೋಗ್ರಾಂ ಇರುವ ಚಿಪ್) ತಯಾರಿಸಿದ ಕಂಪೆನಿಯ ಇಂಜಿನಿಯರುಗಳಿಂದ ಚೆಕ್ ಮಾಡಿಸಬಹುದು. ಖರ್ಚು ಅಭ್ಯರ್ಥಿಯದ್ದು, ಮಷೀನಲ್ಲಿ ಕೈವಾಡ ಸಿಕ್ಕಿದ್ರೆ ದುಡ್ಡು ವಾಪಸ್. ಯಾವ ಮಷೀನ್ ಅಂತ ಬೂತಿನ ಹೆಸರು ಅಥವಾ ಮಷೀನ್ ನಂಬರ್ ಕೊಟ್ಟು ಅಭ್ಯರ್ಥಿಯೇ ಹೇಳ್ಬೇಕು, ಆ ನಂಬರ್ ಇರೋದು ನಿಮ್ಮ ನೋಟ್‌ಬುಕ್‌ನಲ್ಲಿ. ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕ್ಲಿಕ್ಕೆ 45 ದಿನ ಟೈಮ್ ಉಂಟು, ಹಾಗಾಗಿ ಅಷ್ಟು ದಿನ ಆದ್ರೂ ಆ ನೋಟ್‌ಬುಕ್, 17ಸಿ ಕಾಪಿ ಎರಡನ್ನೂ ಹಳೆ ಪೇಪರ್ ಜೊತೆ ಗುಜರಿಗೆ ಹಾಕಬೇಡಿ.