ಗುಂಯ್ ಸದ್ದು, ಆರು ಮೀಟರ್ ವೈರು

ಹಾಲ್‌ನಲ್ಲಿ ಆಂಪ್ ಒಳಗೇ ಇರುವ ಸ್ಪೀಕರ್ ಜೋಡಿಸಿದ ದಿನವೇ ಅಮ್ಮ ಕೇಳಿದರು, "ಫ್ರಿಜ್ ಯಾಕೋ ಜಾಸ್ತಿ ಸದ್ದು ಮಾಡ್ತಿದೆ ಅಲ್ವೇನೋ?" ಫ್ರಿಜ್ ಅಲ್ಲ. ಹಾಡು ನಿಲ್ಲಿಸಿದರೂ ಸ್ಪೀಕರ್ ಗುಂಯ್ ಅನ್ನುತ್ತಿತ್ತು. ಆಲಾಪ ಹಾಕಿದರಂತೂ ತಂಬೂರಿ ಪಕ್ಕ ಇನ್ನೊಂದು ಅಪಶ್ರುತಿಯ ತಂಬೂರಿ!

ಟಿವಿ ಪಕ್ಕದ ಪಿಸಿ, ಡ್ಯಾಕ್ (ಡಿಜಿಟಲ್ ಹಾಡನ್ನು ಸ್ಪೀಕರ್‌ಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ), ಅಲ್ಲಿಂದ ಸ್ಪೀಕರ್‌ಗೆ ಮಾಮೂಲಿ ಆಡಿಯೊ ಪ್ಲಗ್ಗಿನ ಆರು ಮೀಟರ್ ಆರ್‌ಸಿಎ ವೈರು. ದುಬಾರಿ ಕೇಬಲ್ ತಂದೆ. ದುಡ್ಡು ಹೋಯಿತು, ಗುಂಯ್ ಹೋಗಲಿಲ್ಲ. ಕೊನೆಗೆ ಒಂದೊಂದೇ ವೈರು ಕಿತ್ತು ನೋಡಿದೆ. ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ಟಿವಿ ವೈರು ಬಿಚ್ಚಿದ ಕೂಡಲೇ ಎಲ್ಲ ಗಪ್‌ಚಿಪ್. ಆ ವೈರಿನ ಅರ್ಥ್ ಒಂದು ಕಡೆ, ಸ್ಪೀಕರ್ ಪ್ಲಗ್ಗಿನ ಅರ್ಥ್ ಇನ್ನೊಂದು ಕಡೆ; ನಡುವೆ 50 ಹರ್ಟ್ಸ್ ಕರೆಂಟು ಆರ್‌ಸಿಎ ಎಳೆಯ ಸುತ್ತ ಹೆಣೆದ ತಂತಿ ಜಾಲರಿಯಲ್ಲೇ ಸುತ್ತುತ್ತಿತ್ತು. ಆರ್‌ಸಿಎಯಲ್ಲಿ ಸಿಗ್ನಲ್ ವಾಪಸಾಗುವುದೂ ಅದೇ ಜಾಲರಿಯಲ್ಲಿ, ಹಾಗಾಗಿ ಗುಂಯ್ ಹಾಡಿಗೇ ಬೆರೆಯುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡಿ ಅಂದವರಿದ್ದಾರೆ. ಶಾಕ್ ಹೊಡೆದರೆ ಕಾಯುವುದೇ ಆ ಪಿನ್ನು, ಮುಟ್ಟಲಿಲ್ಲ.

ಸ್ಪೀಕರ್‌ಗೆ ಎಕ್ಸ್‌ಎಲ್‌ಆರ್, ಅಂದರೆ ಮೂರು ಪಿನ್ನಿನ ಸಾಕೆಟ್, ಇತ್ತು, ಡ್ಯಾಕ್‌ಗೆ ಇರಲಿಲ್ಲ. ಅಡಾಪ್ಟರ್ ಸಿಕ್ಕಿಸಿದೆ, ಗುಂಯ್ ಹಾಗೇ ಇತ್ತು. ಅದರೊಳಗೆ 1, 3ನೇ ಪಿನ್ ಕೂಡಿಸಿಬಿಟ್ಟಿದ್ದರು, ಅಂದರೆ ಸಿಗ್ನಲ್ ವಾಪಸಾಗುವುದು ಮತ್ತೆ ಅದೇ ಜಾಲರಿಯಲ್ಲಿ. ಕೊನೆಗೆ ಎರಡೆಳೆಯ ಮೈಕ್ ವೈರು ತಂದು ನಾನೇ ಬೆಸುಗೆ ಹಾಕಿದೆ: ಆರ್‌ಸಿಎ ನಡುಕಡ್ಡಿ 2ಕ್ಕೆ, ಹೊರಬಳೆ 3ಕ್ಕೆ, ಜಾಲರಿ 1ಕ್ಕೆ ಮಾತ್ರ, ಆರ್‌ಸಿಎ ತುದಿಯಲ್ಲಿ ಕತ್ತರಿಸಿದ್ದು. ಸ್ಪೀಕರ್ ನೋಡುವುದು 2 ಮತ್ತು 3ರ ವ್ಯತ್ಯಾಸವನ್ನು. ಎರಡರಲ್ಲೂ ಒಂದೇ ಸಮ ಬಂದ ಗದ್ದಲ ವಜಾ ಆಗುತ್ತದೆ. ಪಿನ್ ಪಕ್ಕದ ಅಂಕಿಗಳು ಸಾಸಿವೆಯಷ್ಟು. ಒಂದು ವೈರಿನಲ್ಲಿ 2, 3 ಅದಲುಬದಲಾಗಿ, ಒಂದು ಸ್ಪೀಕರ್ ತಳ್ಳುವಾಗ ಇನ್ನೊಂದು ಎಳೆದು, ಮೃದಂಗದ ತೊಪ್ಪಿಯ ದಪ್ಪ ನಾದವೇ ಮಾಯ. ಬಿಚ್ಚಿ ಮತ್ತೆ ಹಾಕಿದೆ. ಕೇಬಲ್ ಟಿವಿ ವೈರು ಸಿಕ್ಕಿಸಿಯೂ ಗುಂಯ್ ಇಲ್ಲ.

ಆಮೇಲೆ ಎಕ್ಸ್‌ಎಲ್‌ಆರ್ ಇರುವ ಡ್ಯಾಕ್ ಕೊಂಡೆ. ಮೊದಲ ಹಾಡಿಗೇ 'ಆಹಾ, ಏನು ಜೀವ!' ಅನ್ನಿಸಿತು. ನೋಡಿದರೆ ಆರ್‌ಸಿಎ 2 ವೋಲ್ಟ್, ಇದು 4. ಅಂದರೆ 6 ಡೆಸಿಬಲ್ ಜೋರು, ಅಷ್ಟೇ. ವಾಲ್ಯೂಮ್ ಸರಿದೂಗಿಸಿ ಕಣ್ಣು ಮುಚ್ಚಿ ಕೇಳಿದಾಗ ಯಾವುದು ಯಾವುದೆಂದು ನನಗೆ ಗೊತ್ತಾಗಲಿಲ್ಲ. ರೂಮಿನ ಹಳೇ ಆಂಪ್ಲಿಫೈಯರ್‌ಗೆ ಅರ್ಧ ಮೀಟರಿನ ಆರ್‌ಸಿಎ ಇದೆ. ಅದನ್ನು ಬದಲಿಸುವ ಗೋಜಿಗೆ ಹೋಗಿಲ್ಲ.