ಓವರ್‌ಹೆಡ್ ಪ್ರೆಸ್: ಸಣ್ಣ ಕೈಗೆ ಒಗ್ಗಿದ ಹಿಡಿತ

ನನ್ನ ಕೈ ಚಿಕ್ಕದು. ಬಳೆ ಅಂಗಡಿಯವರು ನೋಡಿದ ತಕ್ಷಣ ಎರಡು-ಎರಡರ ಡಬ್ಬ ತೆಗೆಯುತ್ತಾರೆ. ಜಿಮ್‌ನಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಎಲ್ಲರಿಗೂ ಒಂದೇ ಅಳತೆಯ ಬಾರ್. ಕೂತು ಏಳುವ ಸ್ಕ್ವಾಟ್‌ಗೆ ಹೇಗೋ ನಡೆಯುತ್ತದೆ, ಬಾರ್ ಬೆನ್ನ ಮೇಲೆ ಇರುತ್ತದಲ್ಲ. ನಿಂತುಕೊಂಡು ತಲೆ ಮೇಲೆ ಎತ್ತುವ ಓವರ್‌ಹೆಡ್ ಪ್ರೆಸ್‌ಗೆ ಬಂದಾಗ ಮಾತ್ರ ಕೈ ಎಲ್ಲಿ ಇಡಬೇಕು, ಹೇಗೆ ಇಡಬೇಕು ಅನ್ನೋದೇ ಮುಖ್ಯ ಪ್ರಶ್ನೆ. ನಮ್ಮ ಟ್ರೈನರ್ ಹೇಳಿದ್ದು ಒಂದೇ ಮಾತು: "ಭುಜಕ್ಕಿಂತ ಸ್ವಲ್ಪ ಅಗಲ ಹಿಡೀರಿ ಮೇಡಂ, ಅಷ್ಟೇ." ಆ ಮಾತು ಸರಿಯೇ. ಆದರೆ ಅದರಲ್ಲಿ ಅರ್ಧ ವಿಷಯ ಮಾತ್ರ ಇದೆ. ಕೈ ಎಷ್ಟು ಅಗಲ ಅನ್ನೋದಕ್ಕಿಂತ, ಬಾರ್ ಅಂಗೈಯ ಯಾವ ಜಾಗದಲ್ಲಿ ಕೂರುತ್ತದೆ ಅನ್ನೋದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ಮೊದಲು ಬಾರ್ ವಿಷಯ. ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಗಂಡಸರ ಬಾರ್ 20 ಕೆಜಿ, ದಪ್ಪ 28 ಮಿ.ಮೀ. ಹೆಂಗಸರದ್ದು 15 ಕೆಜಿ, ದಪ್ಪ 25 ಮಿ.ಮೀ. ಮೂರು ಮಿಲಿಮೀಟರ್ ತಾನೇ ಅನ್ನಿಸಬಹುದು. ಸುತ್ತಳತೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ವ್ಯತ್ಯಾಸ. ಚಿಕ್ಕ ಕೈಗೆ ಅದು ಸುಮ್ನೆ ಬಿಡುವಂಥದ್ದಲ್ಲ. ಹೆಬ್ಬೆರಳು ತೋರುಬೆರಳಿನ ಮೇಲೆ ಬಂದು ಕೂರುತ್ತದೋ, ಇಲ್ಲ ಬರೀ ತುದಿ ತಾಗುತ್ತದೋ ಅನ್ನೋದು ಅಷ್ಟರಲ್ಲೇ ನಿರ್ಧಾರವಾಗುತ್ತದೆ. ನಮ್ಮ ಊರಿನ ಸಾಮಾನ್ಯ ಜಿಮ್‌ನಲ್ಲಿ ಹೆಂಗಸರ ಬಾರ್ ಇರುವುದು ಅಪರೂಪ. ಹಾಗಾಗಿ ಹಿಡಿತ ಕಲಿಯುವ ಕೆಲಸವನ್ನು ಮೂಲೆಯಲ್ಲಿ ಬಿದ್ದಿದ್ದ ತೆಳ್ಳಗಿನ ರಾಡ್‌ನಲ್ಲಿ ಶುರು ಮಾಡಿದೆ. ಅದರ ತೂಕವೂ ಕಡಿಮೆ. ದೊಡ್ಡ ಬಾರ್‌ಗೆ ಆಮೇಲೆ ಹೋದೆ. ಹೊಸದಾಗಿ ಬರುವ ಹೆಂಗಸರಿಗೆ ನಾನು ಇದನ್ನೇ ಹೇಳುವುದು. ಬರೀ 20 ಕೆಜಿ ಬಾರನ್ನೇ ತಲೆ ಮೇಲೆ ಎತ್ತಲು ಒದ್ದಾಡುತ್ತಿರುವಾಗ ಕೈ ಎಲ್ಲಿದೆ ಅಂತ ಗಮನಿಸಲು ಯಾರಿಗೂ ಆಗಲ್ಲ.

ಈಗ ಅಂಗೈ ವಿಷಯ. ಯಾರಾದರೂ ಬಾರ್ ಕೊಟ್ಟರೆ ನಾವು ಸಹಜವಾಗಿ ಹಿಡಿಯುವುದು ಬೆರಳುಗಳ ಬುಡದಲ್ಲಿ. ಬಸ್ಸಿನ ಕಂಬಿ ಹಿಡಿಯುವುದೂ ಹಾಗೇ ಅಲ್ವಾ. ಎಳೆಯುವ ಕೆಲಸಕ್ಕೆ ಅದು ಸರಿ. ಪ್ರೆಸ್‌ನಲ್ಲಿ ತೂಕ ಮೇಲಿನಿಂದ ಕೂರುತ್ತದೆ. ಬಾರ್ ಬೆರಳ ಬುಡದಲ್ಲಿದ್ದರೆ ಅದು ಅಂಗೈಯನ್ನು ಹಿಂದಕ್ಕೆ ಒತ್ತುತ್ತದೆ, ಮಣಿಕಟ್ಟು ಮಡಿಚಿಕೊಳ್ಳುತ್ತದೆ. ತೊಲೆ ಕಂಬದ ನೆತ್ತಿ ಮೇಲೆ ಕೂತಿರಬೇಕು, ಪಕ್ಕಕ್ಕೆ ಜೋತು ಬೀಳಬಾರದು. ಇಲ್ಲಿ ಕಂಬ ಅಂದರೆ ಮುಂಗೈ ಮೂಳೆ. ಬಾರ್ ಅದರ ನೇರಕ್ಕೆ, ಅಂಗೈಯ ಬುಡದಲ್ಲಿ ಇರಬೇಕು.

ಇದನ್ನು ಕಂಡುಹಿಡಿಯಲು ಕನ್ನಡಿಗಿಂತ ಅಂಗೈಯೇ ಒಳ್ಳೆಯದು. ಒಂದು ಸೆಟ್ ಮುಗಿಸಿ, ಬಾರನ್ನು ರ್ಯಾಕ್‌ಗೆ, ಅಂದರೆ ಅದನ್ನು ಇಡುವ ಸ್ಟ್ಯಾಂಡ್‌ಗೆ ಇಟ್ಟು, ತಕ್ಷಣ ಕೈ ಬಿಚ್ಚಿ ನೋಡಿಕೊಳ್ಳಿ. ಬಾರಿನ ಮೇಲಿನ ಒರಟು ಗೀರುಗಳ ಅಚ್ಚು ಚರ್ಮದ ಮೇಲೆ ಕೆಂಪಗೆ ಮೂಡಿರುತ್ತದೆ. ಆ ಅಚ್ಚು ಬೆರಳ ಬುಡದ ಜಡ್ಡುಗಳ ಮೇಲೆ ಅಡ್ಡಕ್ಕೆ ಇದ್ದರೆ ಬಾರ್ ತುಂಬಾ ಮೇಲಿತ್ತು ಅಂತ ಅರ್ಥ. ನನಗೆ ಬೇಕಾಗಿದ್ದದ್ದು ಓರೆ ಅಚ್ಚು. ಹೆಬ್ಬೆರಳು-ತೋರುಬೆರಳಿನ ಸಂದಿಯಿಂದ ಹೊರಟು, ಹೆಚ್ಚುಕಡಿಮೆ ಆಯುಷ್ಯ ರೇಖೆ ಹಿಡಿದುಕೊಂಡು, ಕಿರುಬೆರಳಿನ ಕಡೆಯ ಅಂಗೈ ಬುಡಕ್ಕೆ ಇಳಿಯುವ ಗೆರೆ. ಹೆಬ್ಬೆರಳ ಕೆಳಗಿನ ದಪ್ಪ ದಿಂಡು, ಕಿರುಬೆರಳ ಕೆಳಗಿನ ದಿಂಡು, ಇವೆರಡರ ಮೇಲೂ ಭಾರ ಹಂಚಿಹೋಗಬೇಕು.

ಹಾಗೆ ಬಾರ್ ಕೂರಿಸಲು ಒಂದು ಸಣ್ಣ ಉಪಾಯ ಇದೆ. ಇಂಗ್ಲಿಷ್‌ನವರು ಇದನ್ನು ಬುಲ್‌ಡಾಗ್ ಗ್ರಿಪ್ ಅನ್ನುತ್ತಾರೆ. ರ್ಯಾಕ್‌ನಲ್ಲಿರುವ ಬಾರ್ ಮುಂದೆ ನಿಂತು, ಕೈ ಇಡುವ ಮೊದಲೇ ಎರಡೂ ಕೈಗಳನ್ನು ಸ್ವಲ್ಪ ಒಳಕ್ಕೆ ತಿರುಗಿಸುತ್ತೇನೆ. ಹೆಬ್ಬೆರಳುಗಳು ಕೊಂಚ ನೆಲದ ಕಡೆ ನೋಡುವಷ್ಟು. ಆಗ ಬಾರ್ ತಾನಾಗಿಯೇ ಅಂಗೈಗೆ ಓರೆಯಾಗಿ ಬಂದು ತಾಗುತ್ತದೆ. ಮೊದಲು ಅಂಗೈ ಬುಡ ಒತ್ತುತ್ತೇನೆ, ಆಮೇಲೆ ಬೆರಳು ಸುತ್ತುತ್ತೇನೆ. ಈ ಕ್ರಮ ಮುಖ್ಯ. ಬೆರಳು ಮೊದಲು ಸುತ್ತಿದರೆ ಬಾರ್ ಬೆರಳ ಬುಡದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಂತರ ಬಾರಿನ ಅಡಿಗೆ ಹೋಗಿ ಮೊಣಕೈಗಳನ್ನು ಬಾರ್‌ಗಿಂತ ಒಂಚೂರು ಮುಂದೆ ತರುತ್ತೇನೆ. ಎಲ್ಲಾ ಸೇರಿ ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಇಲ್ಲಿ ಮಣಿಕಟ್ಟು ಅಳತೆಪಟ್ಟಿ ಇಟ್ಟಂತೆ ನೆಟ್ಟಗಿರಬೇಕು ಅಂತ ಹಟ ಮಾಡಬೇಡಿ. ಒಂಚೂರು ಹಿಂದಕ್ಕೆ ಬಾಗಿದ್ದರೆ ತೊಂದರೆ ಇಲ್ಲ. ಪೂರ್ತಿ ನೆಟ್ಟಗೆ ಮಾಡಲು ಹೋದರೆ ಬಾರ್ ಮುಂದಕ್ಕೆ ಜಾರಲು ನೋಡುತ್ತದೆ.

ಚಿಕ್ಕ ಕೈಯವರಿಗೆ ಇದರಲ್ಲಿ ಒಂದು ತೊಡಕಿದೆ, ಹೇಳಿಬಿಡುತ್ತೇನೆ. ಬಾರ್ ಅಂಗೈ ಬುಡಕ್ಕೆ ಇಳಿದಷ್ಟೂ ಬೆರಳುಗಳಿಗೆ ಸುತ್ತಲು ಉಳಿಯುವ ಜಾಗ ಕಡಿಮೆ. ನನ್ನ ಕಿರುಬೆರಳು 28 ಮಿ.ಮೀ. ಬಾರ್ ಮೇಲೆ ಪೂರ್ತಿ ಮಡಿಚಿಕೊಳ್ಳುವುದೇ ಇಲ್ಲ. ಮೊದಲು ಇದು ಹೆದರಿಕೆ ಹುಟ್ಟಿಸುತ್ತದೆ. ಆದರೆ ಪ್ರೆಸ್‌ನಲ್ಲಿ ಭಾರ ಹೊರುವುದು ಅಂಗೈ, ಬೆರಳಲ್ಲ. ಬೆರಳುಗಳದ್ದು ಬಾರ್ ಉರುಳದಂತೆ ಕಾಯುವ ಕೆಲಸ ಅಷ್ಟೇ. ತೋರುಬೆರಳು, ನಡುಬೆರಳು, ಹೆಬ್ಬೆರಳು ಬಿಗಿಯಾಗಿದ್ದರೆ ಉಳಿದೆರಡು ಸುಮ್ಮನೆ ಮೇಲೆ ಮಲಗಿದ್ದರೂ ಸಾಕು.

ಇದೇ ಕಾರಣಕ್ಕೆ ಹೆಬ್ಬೆರಳು ಬಿಟ್ಟು ಹಿಡಿಯುವ ಹಿಡಿತವನ್ನು ನಾನು ಕೈಬಿಟ್ಟೆ. ಅಂದರೆ ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟು, ಬಾರನ್ನು ಬರೀ ಅಂಗೈ ಮೇಲೆ ಕೂರಿಸುವುದು. ಅದರಲ್ಲಿ ಲಾಭ ಇದೆ, ಇಲ್ಲ ಅನ್ನಲ್ಲ. ಬಾರ್ ಸಲೀಸಾಗಿ ಮುಂಗೈ ಮೂಳೆಯ ನೇರಕ್ಕೆ ಬರುತ್ತದೆ, ಮಣಿಕಟ್ಟಿಗೆ ಹಾಯಾಗಿರುತ್ತದೆ. ಭಾರಿ ತೂಕ ಎತ್ತುವ ಕೆಲವರು ಅದನ್ನೇ ಇಷ್ಟಪಡುತ್ತಾರೆ. ತೆಳು ರಾಡ್‌ನಲ್ಲಿ ನಾನೂ ಮಾಡಿ ನೋಡಿದೆ, ಚೆನ್ನಾಗಿತ್ತು. ಆದರೆ ನನ್ನ ಬೆರಳುಗಳು ಮೊದಲೇ ಅರ್ಧ ಸುತ್ತು. ಹೆಬ್ಬೆರಳ ಬೀಗವೂ ತೆಗೆದರೆ ಬಾರನ್ನು ತಡೆಯಲು ಏನೂ ಉಳಿಯುವುದಿಲ್ಲ. ಬಾರ್ ಇರುವುದು ಮುಖದ ಮುಂದೆ, ಆಮೇಲೆ ತಲೆಯ ಮೇಲೆ. ಬೆವರಿನ ಕೈಯಲ್ಲಿ ಅದು ಯಾವ ಕಡೆ ಉರುಳುತ್ತದೆ ಅಂತ ಪರೀಕ್ಷೆ ಮಾಡುವ ಆಸೆ ನನಗಿಲ್ಲ. ಬುಲ್‌ಡಾಗ್ ಹಿಡಿತದಲ್ಲಿ ಹೆಬ್ಬೆರಳು ಸುತ್ತಿಕೊಂಡೇ ಅದೇ ಲಾಭದ ಬಹುಪಾಲು ಸಿಗುವಾಗ ಆ ಅಪಾಯ ಯಾಕೆ?

ಇನ್ನು ಅಗಲ. ಇದಕ್ಕೆ ಮೊಬೈಲ್ ಬೇಕು. ಎದುರಿಗೆ ಬೆಂಚ್ ಮೇಲೆ ಮೊಬೈಲ್ ಒರಗಿಸಿ, ಬರೀ ಬಾರ್ ಹಿಡಿದು, ಬಾರ್ ಕಾಲರ್‌ಬೋನ್ ಹತ್ತಿರ ಇರುವಾಗ ಮುಂಗೈಗಳನ್ನು ನೋಡಬೇಕು. ಎದುರಿನಿಂದ ನೋಡಿದಾಗ ಎರಡೂ ನೆಟ್ಟಗೆ ನಿಂತಿರಬೇಕು, ಮೊಣಕೈಯ ನೇರ ಮೇಲೆ ಮಣಿಕಟ್ಟು. ಕೈಗಳ ನಡುವಿನ ಅಂತರ ಕಿರಿದಾದರೆ ಮೊಣಕೈಗಳು ಮಣಿಕಟ್ಟಿಗಿಂತ ಆಚೆ ಹೋಗುತ್ತವೆ, ತೋಳಿನ ಹಿಂಭಾಗದ ಸ್ನಾಯು ಟ್ರೈಸೆಪ್ಸ್ ಮೇಲೆ ಕೆಲಸ ಜಾಸ್ತಿ ಬೀಳುತ್ತದೆ. ತುಂಬಾ ಅಗಲವಾದರೆ ಮಣಿಕಟ್ಟು ಹೊರಕ್ಕೆ ಓಡುತ್ತದೆ. ಬಾರ್ ಏರಬೇಕಾದ ದೂರ ಕಡಿಮೆಯಾಗುತ್ತದೆ ನಿಜ, ಆದರೆ ಕೆಳಗಿನಿಂದ ಬಾರ್ ಕದಲಿಸುವುದೇ ಕಷ್ಟ. ನನ್ನ ಭುಜಕ್ಕಂತೂ ಅದು ಹಿತ ಅನ್ನಿಸಲಿಲ್ಲ. ನನಗೆ ಸರಿಹೋದ ಜಾಗ ಭುಜದ ಹೊರ ಅಂಚಿನಿಂದ ಒಂದು ಹೆಬ್ಬೆರಳ ಅಗಲ ಆಚೆ. ನಿಮ್ಮ ಜಾಗ ಬೇರೆ ಇರಬಹುದು. ಉದ್ದ ಮುಂಗೈ ಇರುವವರಿಗೆ ಬಾರ್ ಕಾಲರ್‌ಬೋನ್‌ವರೆಗೂ ಇಳಿಯುವುದೇ ಇಲ್ಲ, ಗದ್ದದ ಹತ್ತಿರವೇ ನಿಲ್ಲುತ್ತದೆ. ಅದು ಅವರ ಮೈಕಟ್ಟು.

ಜಾಗ ಗೊತ್ತಾದ ಮೇಲೆ ಅದನ್ನು ಬಾರ್ ಮೇಲಿನ ಗುರುತಿಗೆ ಜೋಡಿಸಿಕೊಳ್ಳಬೇಕು. ಗೀರುಗಳ ನಡುವೆ ಉಂಗುರದಂಥ ನುಣುಪು ಗುರುತು ಇರುತ್ತದಲ್ಲ, ಅದು. ಇಲ್ಲೊಂದು ಎಚ್ಚರಿಕೆ. ವೇಟ್‌ಲಿಫ್ಟಿಂಗ್ ಬಾರ್‌ನಲ್ಲಿ ಆ ಎರಡು ಉಂಗುರಗಳ ಅಂತರ 910 ಮಿ.ಮೀ. ಪವರ್‌ಲಿಫ್ಟಿಂಗ್ ಬಾರ್‌ನಲ್ಲಿ 810 ಮಿ.ಮೀ. ಒಂದೇ ಜಿಮ್‌ನಲ್ಲಿ ಎರಡೂ ಜಾತಿಯವು ಒಟ್ಟಿಗೆ ನಿಂತಿರುತ್ತವೆ. "ಉಂಗುರದಿಂದ ಎರಡು ಬೆರಳು ಒಳಗೆ" ಅಂತ ಕಣ್ಣುಮುಚ್ಚಿ ಹಿಡಿದರೆ, ಬಾರ್ ಬದಲಾದ ದಿನ ಒಂದೊಂದು ಕೈಯೂ ಐದು ಸೆಂಟಿಮೀಟರ್ ಆಚೀಚೆ ಆಗುತ್ತದೆ. ನಾನು ನಡುವಿನ ನುಣುಪು ಭಾಗ ಮುಗಿದು ಗೀರು ಶುರುವಾಗುವ ಜಾಗವನ್ನೂ ನೋಡಿಕೊಳ್ಳುತ್ತೇನೆ. ಹೊಸ ಬಾರ್ ಆದರೆ ಮತ್ತೆ ಮೊಬೈಲ್ ಒರಗಿಸುತ್ತೇನೆ.

ಜೊತೆಗೆ ಬರುವ ಸಾಮಾನುಗಳ ಬಗ್ಗೆ ಬೇಗ ಹೇಳುತ್ತೇನೆ. ಗ್ಲೌಸ್ ಬೇಡ. ಮೆತ್ತೆ ಇರುವ ಗ್ಲೌಸ್ ಹಾಕಿದರೆ ಬಾರ್ ಇನ್ನೂ ದಪ್ಪ ಆದಂತೆ, ಚಿಕ್ಕ ಕೈಗೆ ಅದು ಉಲ್ಟಾ ಕೆಲಸ. ಏಪ್ರಿಲ್ ಬೆವರಿಗೆ ಚಾಕ್, ಅಂದರೆ ಕೈ ಜಾರದಂತೆ ಹಚ್ಚಿಕೊಳ್ಳುವ ಬಿಳಿ ಪುಡಿ ಒಳ್ಳೆಯದು, ಆದರೆ ನೆಲವೆಲ್ಲ ಬೆಳ್ಳಗಾಗುತ್ತದೆ ಅಂತ ಜಿಮ್‌ನವರು ಬೈಯುತ್ತಾರೆ. ನಾನು ದ್ರವರೂಪದ ಚಾಕ್ ಬಳಸುತ್ತೇನೆ. ಮಣಿಕಟ್ಟಿನ ಪಟ್ಟಿ ಭಾರದ ಸೆಟ್‌ಗಳಿಗೆ ಮಾತ್ರ. ಅದನ್ನು ಬಳೆ ಜಾಗದಲ್ಲಿ ಕಟ್ಟಿದರೆ ಪ್ರಯೋಜನ ಇಲ್ಲ, ಮಣಿಕಟ್ಟಿನ ಕೀಲನ್ನು ದಾಟಿ ಅಂಗೈ ಬುಡದವರೆಗೂ ಬರಬೇಕು. ಎತ್ತುವ ಮೊದಲು ಹೆಬ್ಬೆರಳ ಕುಣಿಕೆ ತೆಗೆದುಬಿಡಿ.

ಕೆಲವು ದಿನ ರ್ಯಾಕ್ ಖಾಲಿ ಇರಲ್ಲ. ರ್ಯಾಕ್‌ನೊಳಗೆ ನಿಂತು ಬೈಸೆಪ್ಸ್ ಕರ್ಲ್ ಮಾಡುವ ಹುಡುಗರು ಎಲ್ಲಾ ಊರಿನಲ್ಲೂ ಇದ್ದಾರೆ ಅನ್ನಿಸುತ್ತದೆ. ಆಗ ಬಾರನ್ನು ನೆಲದಿಂದಲೇ ಭುಜಕ್ಕೆ ತಂದುಕೊಳ್ಳುತ್ತೇನೆ. ಎಳೆಯುವಾಗ ಹುಕ್ ಹಿಡಿತ, ಅಂದರೆ ಹೆಬ್ಬೆರಳನ್ನು ಬೆರಳುಗಳ ಒಳಗೆ ಸಿಕ್ಕಿಸುವುದು. ಭುಜಕ್ಕೆ ಬಂದ ಮೇಲೆ ಹೆಬ್ಬೆರಳನ್ನು ಬಿಡಿಸಿ, ಅಂಗೈ ಬುಡಕ್ಕೆ ಬಾರ್ ಇಳಿಸಿಕೊಂಡು, ಆಮೇಲೆ ಪ್ರೆಸ್. ಹುಕ್‌ನಲ್ಲೇ ಒತ್ತಲು ಹೋದರೆ ಬಾರ್ ಬೆರಳುಗಳಲ್ಲೇ ಸಿಕ್ಕಿಕೊಂಡಿರುತ್ತದೆ.

ಹೀಗೆ ನೆಲದಿಂದ ಎತ್ತಿ ಒತ್ತುವುದೇ ಒಂದು ಕಾಲಕ್ಕೆ ಒಲಿಂಪಿಕ್ಸ್‌ನಲ್ಲಿತ್ತು. 1972ರ ಮ್ಯೂನಿಕ್ ಕ್ರೀಡಾಕೂಟದ ನಂತರ ತೆಗೆದುಹಾಕಿದರು. ಸ್ಪರ್ಧಿಗಳು ಸೊಂಟ ಹಿಂದಕ್ಕೆ ಬಾಗಿಸಿ ಬಾಗಿಸಿ, ಯಾವುದು ಸರಿ ಯಾವುದು ತಪ್ಪು ಅಂತ ತೀರ್ಪುಗಾರರಿಗೆ ಹೇಳಲು ಆಗದಷ್ಟು ಗೊಂದಲ ಆಗಿತ್ತು. ಹೆಂಗಸರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ. ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದದ್ದು ಅಲ್ಲೇ. ಹಾಗಾಗಿ ಈ ಪ್ರೆಸ್ ಅನ್ನು ಹೆಂಗಸರು ಒಲಿಂಪಿಕ್ಸ್ ವೇದಿಕೆಯಲ್ಲಿ ಮಾಡಿದ್ದೇ ಇಲ್ಲ. ಜಿಮ್‌ನಲ್ಲಿ ಮಾತ್ರ ಮಾಡುತ್ತಿದ್ದೇವೆ, ಗಂಡಸರ ಬಾರ್‌ನಲ್ಲಿ.

ಇತ್ತೀಚೆಗೆ ಪುಶ್ ಪ್ರೆಸ್ ಕೂಡ ಸೇರಿಸಿದ್ದೇನೆ. ಮಂಡಿ ಕೊಂಚ ಬಗ್ಗಿಸಿ ಕಾಲಿನ ಬಲದಿಂದ ಬಾರ್ ಚಿಮ್ಮಿಸುವುದು. ಅದಕ್ಕೆ ಈ ಹಿಡಿತ ಹಾಗೇ ನಡೆಯಲ್ಲ. ಬಾರ್ ಭುಜದ ಮೇಲೆ ಕೂತಿರಬೇಕು, ಇಲ್ಲದಿದ್ದರೆ ಕಾಲಿನ ಬಲ ಬಾರ್‌ಗೆ ತಲುಪುವ ಮೊದಲೇ ಕೈಯಲ್ಲಿ ಸೋರಿಹೋಗುತ್ತದೆ. ಅದಕ್ಕೆ ಕೈ ಒಂದು ಬೆರಳು ಹೆಚ್ಚು ಅಗಲ, ಬೆರಳು ಸಡಿಲ, ಮೊಣಕೈ ಇನ್ನಷ್ಟು ಮುಂದೆ. ಎರಡನ್ನೂ ಒಂದೇ ದಿನ ಮಾಡುವಾಗ ಪುಶ್ ಪ್ರೆಸ್ ಮೊದಲು ಮಾಡುತ್ತೇನೆ. ಬಿಗಿ ಹಿಡಿತ ಅಭ್ಯಾಸವಾದ ಕೈಯನ್ನು ಅದೇ ದಿನ ಮತ್ತೆ ಸಡಿಲಿಸುವುದು ನನಗಂತೂ ಕಷ್ಟ.